ನಾಲ್ಕು ಗೀಟಿನ ಟ್ಯೂಬು

ಬುಧವಾರ ಮಧ್ಯಾಹ್ನ ನಾನು ಮರುದಿನದ ರೋಗಿಯನ್ನು ನೋಡಲು ವಾರ್ಡಿಗೆ ಹೋದಾಗ ಆಕೆ ಊಟದ ತಟ್ಟೆಯನ್ನು ಮೂಸುತ್ತಿದ್ದರು. ಆಸ್ಪತ್ರೆಯ ಕ್ಯಾಂಟೀನಿನ ಸ್ಟೀಲ್ ತಟ್ಟೆ ಅದು. ಮೂಸಿದವರು ಸೊಸೆಯ ಕೈಗೆ ಕೊಟ್ಟು, "ಇನ್ನೊಂದ್ಸಲ ತೊಳ್ಕೊಂಬಾರೆ, ಸಾರಿನ ಜಿಡ್ಡು ಹಂಗೇ ಐತೆ" ಎಂದರು.

ಸೊಸೆ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಅತ್ತೆಗಾಗಿ ಮೂರು ದಿನ ರಜೆ ಹಾಕಿ ಬಂದಿದ್ದಳು. ನನ್ನ ಕಡೆ ನೋಡಿ, "ಮನೇಲೂ ಹಿಂಗೇ ಮೇಡಂ. ಡೈರಿಗೆ ಹಾಲು ಹಾಕೋ ಕ್ಯಾನ್ ನಾನು ತೊಳೆದ್ರೂ ಇವ್ರು ಮೂಸಿ ನೋಡ್ಬೇಕು. ಆಮೇಲೇ ಹಾಲು ಹುಯ್ಯೋದು" ಎಂದಳು.

"ಮೂಸ್ದಲೆ ಹುಯ್ದ್ರೆ ಏನಾಯ್ತದೆ ಗೊತ್ತಾ? ಒಂದು ಕ್ಯಾನ್ ಕೆಟ್ರೆ ಊರೋರೆಲ್ಲರ ಹಾಲೂ ಒಡೀತದೆ" ಎಂದು ಆಕೆ ನನಗೇ ಪಾಠ ಹೇಳಿದರು.

ಆಕೆ ನಂದಗುಡಿ ಕಡೆಯವರು. ವಯಸ್ಸು ಐವತ್ತಾರು. ಸಕ್ಕರೆ ಕಾಯಿಲೆ ಹಳೆಯದು; ಲಿವರ್ ಗಟ್ಟಿಯಾಗಿ ಕುಗ್ಗಿತ್ತು, ಅದರ ನೆತ್ತಿಯಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ. ಕತ್ತರಿಸಿ ತೆಗೆದರೆ ಉಳಿದ ಲಿವರ್ ತಾಳುವುದಿಲ್ಲ. ಆದ್ದರಿಂದ ಪಕ್ಕೆಲುಬಿನ ಕೆಳಗಿನಿಂದ ಉದ್ದನೆಯ ಸೂಜಿ ತೂರಿಸಿ, ಅದರ ತುದಿಯಲ್ಲಿ ಮೈಕ್ರೋವೇವ್ ಶಾಖ ಹುಟ್ಟಿಸಿ, ಗೆಡ್ಡೆಯನ್ನು ಇದ್ದಲ್ಲಿಯೇ ಸುಡುವುದು ಎಂದು ನಿರ್ಧಾರವಾಗಿತ್ತು. ಸಿ.ಟಿ. ಸ್ಕ್ಯಾನಿನ ಮೇಜಿನ ಮೇಲೆ ಮಾಡುವ ಕೆಲಸ. ಅರಿವಳಿಕೆ ಕೊಡುವವಳು ನಾನು.

ಎದೆಯನ್ನು ಪರೀಕ್ಷಿಸಿ, ಬಾಯಿ ತೆಗೆಸಿ ಗಂಟಲು ನೋಡಿ, ನಾಳೆ ಬೆಳಿಗ್ಗೆಯಿಂದ ಏನೂ ಸೇವಿಸಬಾರದು ಎಂದು ಹೇಳಿದೆ. ಆಕೆ ಎಲ್ಲಕ್ಕೂ ತಲೆಯಾಡಿಸಿದರು. ಅವರ ಚಿಂತೆ ಬೇರೆ ಇತ್ತು. ಮನೆಯ ಹಸು ಇವತ್ತೋ ನಾಳೆಯೋ ಕರು ಹಾಕುವುದಿತ್ತು.

"ನಂಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಅದು ಬೇರೆಯವ್ರ ಕೈಗೆ ಹಾಲು ಬಿಡಲ್ಲ ಕಣಮ್ಮ. ಒದೀತದೆ."

"ಏನೂ ಆಗಲ್ಲ. ನೀವು ಮಲಗಿರ್ತೀರಿ, ಉಸಿರು ನಾನು ನೋಡ್ಕೋತೀನಿ."

"ಹಂಗಾದ್ರೆ ನಿಂಗೆ ಗಿಣ್ಣು ತರಿಸ್ಕೊಡ್ತೀನಿ. ಮದ್ವೆ ಆಗೈತಾ?"

ಇಲ್ಲ ಎಂದು ಹೇಳಿ, ಸಹಿ ಹಾಕುವ ಹಾಳೆಯ ಕಡೆಗೆ ಮಾತು ತಿರುಗಿಸಿದೆ.

ಗುರುವಾರ ರೇಡಿಯಾಲಜಿಸ್ಟ್ ಬರುವ ದಿನ. ಅವರು ಬೆಂಗಳೂರಿನಿಂದ ವಾರಕ್ಕೊಮ್ಮೆ ಬಂದು ನಮ್ಮಲ್ಲಿ ಕೆಲಸ ಮುಗಿಸಿ, ಇಲ್ಲಿಂದಲೇ ದೇವನಹಳ್ಳಿಗೆ ಹೋಗಿ ಸಂಜೆಯ ವಿಮಾನ ಹತ್ತಿ ಮತ್ತೊಂದು ಊರಿನ ಆಸ್ಪತ್ರೆಗೆ ಹೋಗುವವರು. ಕೈಚಳಕವಿದ್ದ ಮನುಷ್ಯ, ಅದನ್ನು ಅಲ್ಲಗಳೆಯಲಾರೆ. ಆದರೆ ಆಸ್ಪತ್ರೆಗೆ ಕಾಲಿಟ್ಟ ಗಳಿಗೆಯಿಂದ ಅವರು ಹೊರಡುವ ಹೊತ್ತಿನ ಬಗ್ಗೆಯೇ ಮಾತಾಡುತ್ತಿದ್ದರು.

"ಮೇಡಂ, ಮಾಸ್ಕ್ ಹಾಕಿ ಮುಗಿಸ್ಬಿಡೋಣ. ಇಪ್ಪತ್ತು ನಿಮಿಷದ ಕೆಲಸ. ಎಚ್ಚರಿಸೋದೂ ಬೇಗ ಆಗತ್ತೆ."

ಅವರು ಹೇಳಿದ್ದು ಲ್ಯಾರಿಂಜಿಯಲ್ ಮಾಸ್ಕಿನ ಬಗ್ಗೆ. ಅದು ಗಂಟಲಿನ ಹಿಂಭಾಗದಲ್ಲಿ, ಶ್ವಾಸನಾಳದ ಬಾಯಿಯ ಮೇಲೆ ಕೂರುವ ಮೆತ್ತನೆಯ ಬಟ್ಟಲು. ಒಳಗೆ ಇಳಿಯುವುದಿಲ್ಲ. ಟ್ಯೂಬಾದರೆ ಧ್ವನಿತಂತುಗಳ ನಡುವೆ ಹಾದು ಶ್ವಾಸನಾಳದೊಳಗೆ ಕೂರುತ್ತದೆ. ಅದರ ತುದಿಯ ಸುತ್ತ ಒಂದು ಪುಟ್ಟ ಬಲೂನು ಉಬ್ಬಿ, ಗಾಳಿ ಸೋರದಂತೆ, ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿಯದಂತೆ ಮುಚ್ಚುತ್ತದೆ. ಚಿಕ್ಕ ಕೆಲಸಗಳಿಗೆ ಮಾಸ್ಕ್ ಸಾಕು. ಇದಕ್ಕೆ ಸಾಲದು ಎಂದು ನನಗೆ ಖಚಿತವಿತ್ತು.

ಕಾರಣ ಗೆಡ್ಡೆಯಿದ್ದ ಜಾಗ. ಲಿವರಿನ ನೆತ್ತಿ ವಪೆಗೆ, ಅಂದರೆ ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ಡಯಾಫ್ರಮ್ ಎಂಬ ಸ್ನಾಯುವಿನ ಹಾಳೆಗೆ, ಅಂಟಿಕೊಂಡಿರುತ್ತದೆ. ಪ್ರತಿ ಉಸಿರಿಗೂ ಅದು ಕೆಳಗಿಳಿದು ಮೇಲೇರುತ್ತದೆ. ಉಸಿರು ಒಳಗೆ ಹೋಗಿ ನಿಂತಾಗ ಮಾತ್ರ ಗೆಡ್ಡೆ ಪಕ್ಕೆಲುಬಿನ ಕೆಳಗೆ ಸೂಜಿಗೆ ಸಿಗುವಷ್ಟು ಇಳಿಯುತ್ತದೆ. ನಾನು ವೆಂಟಿಲೇಟರ್ ನಿಲ್ಲಿಸಿ, ಎದೆಯೊಳಗಿನ ಗಾಳಿಯ ಒತ್ತಡವನ್ನು ಮಾಪಕದಲ್ಲಿ ಹದಿನೈದಕ್ಕೆ ತಂದು, ಅರ್ಧ ನಿಮಿಷ ಅಲ್ಲಾಡದಂತೆ ಹಿಡಿಯಬೇಕು. ಆ ಅರ್ಧ ನಿಮಿಷದಲ್ಲಿ ಅವರು ಸೂಜಿ ಮುಂದೆ ತಳ್ಳಬೇಕು, ಸ್ಕ್ಯಾನ್ ಆಗಬೇಕು. ಮತ್ತೆ ಉಸಿರು, ಮತ್ತೆ ಅದೇ ಹದಿನೈದು. ಒಂದೊಂದು ಸಲವೂ ಲಿವರ್ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಮಾಸ್ಕ್ ಸ್ವಲ್ಪ ಸೋರಿದರೂ ಒತ್ತಡ ಇಳಿಯುತ್ತದೆ, ವಪೆ ಮೇಲೇರುತ್ತದೆ, ಗೆಡ್ಡೆ ಜಾರುತ್ತದೆ. ಗೆಡ್ಡೆಯ ಬದಲು ವಪೆ ಸುಟ್ಟರೆ ಅಲ್ಲಿ ತೂತು ಬೀಳುತ್ತದೆ. ಸೊರಗಿದ ಲಿವರಿನ ಆ ಹೆಂಗಸು ಅದನ್ನು ದಾಟಿ ಬದುಕುವ ಭರವಸೆ ನನಗಿರಲಿಲ್ಲ.

ಇಷ್ಟನ್ನೂ ಹೇಳಿದೆ. ಅವರು ಗಡಿಯಾರ ನೋಡಿಕೊಂಡು, "ಆಯ್ತು ಮೇಡಂ, ಟ್ಯೂಬೇ ಹಾಕಿ. ಬೇಗ" ಎಂದರು.

ಗೆದ್ದೆ ಎಂದುಕೊಂಡೆ. ಆ ಸಮಾಧಾನದಲ್ಲಿ, ಯಾವ ಟ್ಯೂಬು ಎಂದು ಕೇಳಲಿಲ್ಲ.

ನಮ್ಮಲ್ಲಿ ಟ್ಯೂಬುಗಳನ್ನು ತೊಳೆದು ಮತ್ತೆ ಬಳಸುತ್ತಿದ್ದರು. ಒಂದೇ ಸಲ ಬಳಸಿ ಎಸೆಯಬೇಕೆಂದು ಅದರ ಮೇಲೇ ಅಚ್ಚಾಗಿರುತ್ತದೆ. ನಮ್ಮ ಥಿಯೇಟರಿನಲ್ಲಿ ಅದನ್ನು ಸೋಪು ನೀರಿನಲ್ಲಿ ನೆನೆಸಿ, ಬ್ರಷ್ ಹಾಕಿ, ಒಣಗಿಸಿ, ಅನಿಲದಲ್ಲಿ ಶುದ್ಧಿ ಮಾಡಿ, ಹೊಸ ಕಾಗದದ ಚೀಲದಲ್ಲಿ ಸೀಲ್ ಮಾಡುತ್ತಿದ್ದರು. ನೋಡಿದರೆ ಹೊಸದೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಇದನ್ನು ಕಂಡು ಥಿಯೇಟರ್ ಟೆಕ್ನೀಷಿಯನ್ನನ್ನು ಕೇಳಿದ್ದೆ. ಆತ ಜಡಿಗೇನಹಳ್ಳಿಯವನು, ಹದಿನೈದು ವರ್ಷದ ಅನುಭವಸ್ಥ, ಕೆಲಸದಲ್ಲಿ ಚುರುಕು. "ಎಲ್ಲಾ ಕಡೆ ಇದೇ ಮೇಡಂ. ಯಾಕ್ ತಲೆ ಕೆಡಿಸ್ಕೋತೀರಾ" ಎಂದು ನಕ್ಕಿದ್ದ. ಆಡಳಿತ ನೋಡುವ ಮ್ಯಾನೇಜರಿಗೂ ಒಮ್ಮೆ ಹೇಳಿದ್ದೆ. ಅವರು "ನೋಡೋಣ" ಎಂದಿದ್ದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಹನ್ನೊಂದು ತಿಂಗಳು ಆ ಚೀಲಗಳನ್ನು ನನ್ನ ಕೈಯಾರೆ ಹರಿದು ಬಳಸಿದ್ದೇನೆ.

ಆಕೆಯನ್ನು ಸಿ.ಟಿ. ಮೇಜಿನ ಮೇಲೆ ಮಲಗಿಸಿ ಆಮ್ಲಜನಕ ಕೊಡಲು ಮುಖದ ಮೇಲೆ ಕಪ್ಪು ರಬ್ಬರಿನ ಮಾಸ್ಕ್ ಹಿಡಿದೆ. ಆಕೆ ಮೂಗು ಸುಕ್ಕಿಸಿ ಮುಖ ಆಚೆ ತಿರುಗಿಸಿದರು.

"ಇದ್ರಲ್ಲಿ ಯಾರ್ದೋ ಬಾಯ್ ವಾಸ್ನೆ ಬತ್ತದೆ."

"ರಬ್ಬರ್ ವಾಸನೆ ಅಮ್ಮ. ಉದ್ದಕ್ಕೆ ಉಸಿರು ಎಳ್ಕೊಳ್ಳಿ."

"ರಬ್ಬರಲ್ಲ ಕಣಮ್ಮ..."

ಅಷ್ಟರಲ್ಲಿ ಔಷಧಿ ಏರಿತ್ತು. ಕಣ್ಣು ಮುಚ್ಚಿದರು.

ಟೆಕ್ನೀಷಿಯನ್ ಏಳೂವರೆ ಅಳತೆಯ ಟ್ಯೂಬ್ ಕೊಟ್ಟ. ಕೊಡುವ ಮುಂಚೆ ಬಲೂನಿಗೆ ಗಾಳಿ ತುಂಬಿ ತೋರಿಸಿದ, ಉಬ್ಬಿತು. ಉಬ್ಬಿದ್ದು ಹಾಗೇ ನಿಲ್ಲುತ್ತದೆಯೇ ಎಂದು ಒಂದು ನಿಮಿಷ ಕಾಯಬೇಕು. ಗಾಜಿನ ಆಚೆ ರೇಡಿಯಾಲಜಿಸ್ಟ್ ನಿಂತಿದ್ದರು. ನಾನು ಕಾಯಲಿಲ್ಲ. ಧ್ವನಿತಂತು ಸ್ಪಷ್ಟವಾಗಿ ಕಂಡಿತು, ಟ್ಯೂಬ್ ಸಲೀಸಾಗಿ ಇಳಿಯಿತು, ಎರಡೂ ಕಡೆ ಉಸಿರಿನ ಸದ್ದು ಸಮನಾಗಿತ್ತು. ವೆಂಟಿಲೇಟರಿಗೆ ಜೋಡಿಸಿ ಚಿಕ್ಕ ಚಿಕ್ಕ ಉಸಿರುಗಳನ್ನು ಕೊಡತೊಡಗಿದೆ.

ಸೀಸದ ಏಪ್ರನ್ ತೊಟ್ಟು ನಾನು ಒಳಗೇ ಉಳಿದೆ, ಟೆಕ್ನೀಷಿಯನ್ನೂ ಉಳಿದ. ರೇಡಿಯಾಲಜಿಸ್ಟ್ ಬಂದು ಚರ್ಮಕ್ಕೆ ಗುರುತು ಹಾಕಿ ಸೂಜಿ ಹಿಡಿದರು.

"ಹೋಲ್ಡ್."

ವೆಂಟಿಲೇಟರ್ ನಿಲ್ಲಿಸಿ, ಉಸಿರಿನ ಚೀಲ ಒತ್ತಿ, ಹದಿನೈದಕ್ಕೆ ತಂದೆ. ಅವರು ಸೂಜಿ ತಳ್ಳಿದರು. ನನ್ನ ಕಣ್ಣು ಮಾಪಕದ ಮೇಲಿತ್ತು. ಹದಿನೈದು. ಹದಿನಾಲ್ಕು. ಹನ್ನೆರಡು. ಸ್ಕ್ಯಾನ್ ಮುಗಿಯುವ ಹೊತ್ತಿಗೆ ಒಂಬತ್ತು. ಬಾಯಿಯ ಹತ್ತಿರ ಕಿವಿ ಇಟ್ಟರೆ ಗುಳುಗುಳು ಎಂಬ ಸಣ್ಣ ಸದ್ದು.

ಪರದೆಯ ಮೇಲೆ ಸೂಜಿಯ ತುದಿ ಗೆಡ್ಡೆಯ ಒಳಗಿರದೆ ಅದರ ಪಕ್ಕಕ್ಕೆ ಹೋಗಿತ್ತು. ಬಲೂನಿಗೆ ಇನ್ನಷ್ಟು ಗಾಳಿ ಹಾಕಿದೆ. ಎರಡನೆಯ ಸಲ ಹಿಡಿದಾಗ ಹನ್ನೊಂದಕ್ಕೆ ಇಳಿಯಿತು. ಆಮ್ಲಜನಕದ ಹರಿವು ಹೆಚ್ಚಿಸಿ, ಸೋರಿದ್ದನ್ನು ತುಂಬಿ ನೋಡಿದೆ. ಮಾಪಕ ಹದಿನೈದರ ಆಚೀಚೆ ನಡುಗಿತು, ಅದರ ಜೊತೆ ಲಿವರೂ ನಡುಗಿತು. ಮೂರನೆಯ ಸ್ಕ್ಯಾನಿನಲ್ಲಿ ಸೂಜಿಯ ತುದಿ ಗೆಡ್ಡೆಯ ಮೇಲಂಚಿನಲ್ಲಿ, ವಪೆಗೆ ತೀರಾ ಹತ್ತಿರ ನಿಂತಿತ್ತು.

"ಏನ್ ಮೇಡಂ, ಟ್ಯೂಬು ಟ್ಯೂಬು ಅಂತ ಹಟ ಮಾಡಿದ್ರಿ. ಲಿವರ್ ಡ್ಯಾನ್ಸ್ ಮಾಡ್ತಾ ಇದೆ."

"ಬಲೂನು ಸೋರ್ತಿದೆ ಸರ್."

"ಗೆಡ್ಡೆ ಪಕ್ಕದಲ್ಲೇ ಇದೀನಿ. ಇಲ್ಲೇ ಸುಟ್ಬಿಡ್ತೀನಿ. ಡಯಾಫ್ರಮ್ ಸ್ವಲ್ಪ ಬಿಸಿ ಆಗತ್ತೆ, ಅಷ್ಟೇ."

ಬಿಸಿ ಎಂಬ ಪದವನ್ನು ಅವರು ಸ್ನಾನದ ನೀರಿನ ಬಗ್ಗೆ ಹೇಳುವಂತೆ ಹೇಳಿದರು. ಕಾಲು ಶಾಖದ ಯಂತ್ರದ ಪೆಡಲಿನ ಕಡೆಗೆ ಆಗಲೇ ಚಾಚಿತ್ತು.

"ಬೇಡ. ನಾನು ಟ್ಯೂಬ್ ಬದಲಾಯಿಸ್ತೀನಿ" ಎಂದೆ. ನನ್ನ ದನಿ ನನಗೇ ಗಟ್ಟಿಯೆನಿಸಿತು.

"ಸೂಜಿ ಒಳಗಿದೆ ಮೇಡಂ! ಈಗ ತೆಗೆದ್ರೆ ಬ್ಲೀಡ್ ಆಗತ್ತೆ."

"ಪೂರ್ತಿ ತೆಗೀಬೇಡಿ. ವಪೆಯಿಂದ ಎರಡು ಸೆಂಟಿಮೀಟರ್ ಹಿಂದಕ್ಕೆ ಎಳೆದು ಬಿಡಿ. ಯಾರೂ ಮುಟ್ಟೋದು ಬೇಡ. ಹತ್ತು ನಿಮಿಷ ಕೊಡಿ. ಕೊಡಲ್ಲ ಅಂದ್ರೆ ಅದನ್ನೂ ಚಾರ್ಟಲ್ಲಿ ಬರೀತೀನಿ."

ಅವರು ನನ್ನನ್ನು ದಿಟ್ಟಿಸಿದರು. ಸೂಜಿಯನ್ನು ಹಿಂದಕ್ಕೆ ಎಳೆದು, ಕೈಗವಸು ಕಿತ್ತು ಗಾಜಿನ ಆಚೆ ಹೋದರು. ಫೋನಿನಲ್ಲಿ ಯಾರಿಗೋ, "ಫ್ಲೈಟ್ ಸಿಗತ್ತೋ ಇಲ್ವೋ ಗೊತ್ತಿಲ್ಲ" ಎನ್ನುವುದು ಬಾಗಿಲು ಮುಚ್ಚುವ ಮುಂಚೆ ಕೇಳಿಸಿತು.

ಟೆಕ್ನೀಷಿಯನ್ ಆಗಲೇ ಇನ್ನೊಂದು ಚೀಲ ಹಿಡಿದಿದ್ದ.

"ಇದು ಹೊಸದಾ?"

ಆತ ಚೀಲ ಹರಿಯಲು ಹೋದ.

"ಹೊಸದಾ ಅಂತ ಕೇಳ್ದೆ."

"ವಾಶ್ ಮಾಡಿದ್ದು ಮೇಡಂ. ಹೊಸಾವು ಗಾಜಿನ ಬೀರುವಲ್ಲಿ ಅವೆ. ಇನ್ಸ್‌ಪೆಕ್ಷನ್‌ಗೆ ಇಟ್ಟಿರೋದು."

ಥಿಯೇಟರಿನ ಬಾಗಿಲ ಪಕ್ಕದ ಆ ಗಾಜಿನ ಬೀರು ನನಗೆ ಗೊತ್ತಿತ್ತು. ಒಳಗೆ ಎಲ್ಲ ಅಳತೆಯ ಟ್ಯೂಬುಗಳು, ಮಾಸ್ಕುಗಳು, ಕಂಪನಿಯ ಸೀಲು ಒಡೆಯದೆ, ಅಂಗಡಿಯ ಸೀರೆಗಳ ಹಾಗೆ ಸಾಲಾಗಿ. ತಪಾಸಣೆಯ ತಂಡ ಬಂದಾಗ ಅದರ ಮುಂದೆ ನಿಲ್ಲಿಸಿ ತೋರಿಸುತ್ತಾರೆ. ಅವರು ಹೋದ ಮೇಲೆ ಧೂಳು ಒರೆಸಿ ಬೀಗ ಹಾಕುತ್ತಾರೆ. ಅದು ತುರ್ತಿಗೆ ಇಟ್ಟ ದಾಸ್ತಾನು ಎಂದು ನಾನು ನಂಬಿದ್ದೆ. ಅಥವಾ ನಂಬುವುದು ಸುಲಭವಾಗಿತ್ತು.

"ಕೀ?"

"ಮ್ಯಾನೇಜರ್ ಹತ್ರ. ಚೇರ್ಮನ್ನರನ್ನ ಬಿಡಕ್ಕೆ ಏರ್‌ಪೋರ್ಟ್‌ಗೆ ಹೋಗವ್ರೆ."

"ಬಾಗಿಲ ಹಿಂಜ್ ಬಿಚ್ಚಿ."

"ಮೇಡಂ, ನನ್ ಕೆಲ್ಸ ಹೋಯ್ತದೆ."

"ನಾನು ಹೇಳಿದೆ ಅಂತ ಹೇಳಿ. ಬರೆದುಕೊಡ್ತೀನಿ."

ಆತ ಒಂದು ಕ್ಷಣ ಮೇಜಿನ ಮೇಲಿದ್ದ ಆಕೆಯ ಮುಖ ನೋಡಿದ. ಅಲುಗದಂತೆ ಬಿಟ್ಟಿದ್ದ ಸೂಜಿಯನ್ನೂ ನೋಡಿದ. ಯಂತ್ರ ರಿಪೇರಿಯ ಡಬ್ಬದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಓಡಿದ. ನಾನು ಉಸಿರಿನ ಚೀಲವನ್ನು ಕೈಯಿಂದ ಒತ್ತುತ್ತ ನಿಂತೆ. ಸೋರುವ ಗಾಳಿ ಪ್ರತಿ ಉಸಿರಿಗೂ ಗುಳುಗುಳು ಎನ್ನುತ್ತಿತ್ತು. ಆಕೆಯ ಸಕ್ಕರೆ ಕಾಯಿಲೆಯ ಹೊಟ್ಟೆ ಖಾಲಿಯಾಗುವುದು ನಿಧಾನ. ಅಲ್ಲಿಂದ ಏನಾದರೂ ಮೇಲೆ ಬಂದರೆ ಈ ಬಲೂನು ತಡೆಯುವುದಿಲ್ಲ. ಕೆಮ್ಮಿದರೆ ಸೂಜಿ ಲಿವರನ್ನು ಸೀಳುತ್ತದೆ. ಸ್ನಾಯು ಸಡಿಲಿಸುವ ಔಷಧಿಯನ್ನು ಇನ್ನೊಂದು ಸಲ ಕೊಟ್ಟೆ.

ಆತ ಟ್ಯೂಬಿನೊಂದಿಗೆ ವಾಪಸ್ ಬಂದಾಗ ಬೆರಳಿಂದ ರಕ್ತ ಬರುತ್ತಿತ್ತು. "ಒಂದು ಸ್ಕ್ರೂ ತುಕ್ಕು ಹಿಡಿದಿತ್ತು ಮೇಡಂ. ಎಷ್ಟು ವರ್ಷದಿಂದ ತೆಗ್ದಿಲ್ವೋ."

ಈ ಸಲ ಬಲೂನಿಗೆ ಗಾಳಿ ತುಂಬಿ, ಗೋಡೆಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಕಾದೆ. ಹಳೆಯ ಟ್ಯೂಬಿನ ಒಳಗಿಂದ ಉದ್ದನೆಯ ಬಳುಕುವ ಕಡ್ಡಿಯೊಂದನ್ನು ಶ್ವಾಸನಾಳಕ್ಕೆ ಇಳಿಸಿ, ಅದು ಕದಲದಂತೆ ಹಿಡಿದು ಹಳೆಯದನ್ನು ಹೊರಗೆಳೆದು, ಅದೇ ಕಡ್ಡಿಯ ಮೇಲೆ ಹೊಸದನ್ನು ಜಾರಿಸಿದೆ. ಆಮ್ಲಜನಕದ ಮಟ್ಟ ತೊಂಬತ್ತೊಂದಕ್ಕೆ ಇಳಿದು ಮತ್ತೆ ಏರಿತು. ಗುಳುಗುಳು ನಿಂತಿತು.

"ಸರ್, ಬನ್ನಿ."

"ಹೋಲ್ಡ್" ಎಂದರು ಅವರು.

ಹದಿನೈದು. ಹದಿನೈದು. ಹದಿನೈದು. ಸೂಜಿ ಗೆಡ್ಡೆಯ ನಡುಮಧ್ಯಕ್ಕೆ ಹೋಗಿ ನಿಂತಿತು. ಇನ್ನೊಂದು ಸಲ ಹಿಡಿದು ಸ್ಕ್ಯಾನ್ ಮಾಡಿದರೂ ಅಲ್ಲೇ ಇತ್ತು. ಅವರು ಪೆಡಲ್ ಒತ್ತಿದರು. ಪರದೆಯ ಮೇಲೆ ಗೆಡ್ಡೆ ಇದ್ದಲ್ಲಿ ಗುಳ್ಳೆಗಳ ಮೋಡ ನಿಧಾನವಾಗಿ ಹರಡಿ, ಅಂಚನ್ನು ಮುಚ್ಚಿ, ವಪೆಯ ಈಚೆಗೇ ನಿಂತಿತು. ಕೊನೆಯ ಸ್ಕ್ಯಾನಿನಲ್ಲಿ ರಕ್ತವಿರಲಿಲ್ಲ.

"ಚೆನ್ನಾಗಿ ಬಂತು" ಎಂದರು. ವಿಮಾನ ಸಿಕ್ಕಿತಂತೆ.

ಆಕೆಯನ್ನು ಎಬ್ಬಿಸಿ ವಾರ್ಡಿಗೆ ಕಳಿಸಿದ ಮೇಲೆ ಟ್ರೇಯಲ್ಲಿ ಬಿದ್ದಿದ್ದ ಹಳೆಯ ಟ್ಯೂಬನ್ನು ದೀಪಕ್ಕೆ ಹಿಡಿದು ನೋಡಿದೆ. ಬಲೂನಿನ ಬುಡ ಹಳದಿಯಾಗಿ, ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರಿದಿತ್ತು. ಒಳಗೆ, ಬ್ರಷ್ ತಲುಪದ ತಿರುವಿನಲ್ಲಿ, ಕಂದು ಬಣ್ಣದ ಹಕ್ಕಳೆಯೊಂದು ಅಂಟಿತ್ತು. ಒಂದು ಗಂಟೆಯಲ್ಲಿ ಆಗುವಂಥದ್ದಲ್ಲ ಅದು. ಯಾರದೋ ಕಫ ಒಣಗಿ, ತೊಳೆದು, ಮತ್ತೆ ಒಣಗಿದ್ದು. ಮೇಲ್ತುದಿಯಲ್ಲಿ ಮಾರ್ಕರಿನ ನಾಲ್ಕು ಪುಟ್ಟ ಗೀಟುಗಳು. ಒಂದೊಂದು ತೊಳೆತಕ್ಕೂ ಒಂದು ಗೀಟು. ಐದಾದರೆ ಎಸೆಯಬೇಕೆಂಬುದು ಥಿಯೇಟರಿನವರು ತಾವೇ ಮಾಡಿಕೊಂಡ ನಿಯಮ.

ಮೂಗಿನ ಹತ್ತಿರ ತಂದೆ. ಸೋಪಿನ ವಾಸನೆಯ ಅಡಿಯಲ್ಲಿ ಅದು ಇತ್ತು. ಹಳಸಿದ ಬಾಯಿಯ ವಾಸನೆ. ಆಕೆ ಮಾಸ್ಕಿನಲ್ಲಿ ಗುರುತಿಸಿದ್ದು, ನಾನು ರಬ್ಬರ್ ಎಂದದ್ದು. ಟ್ಯೂಬನ್ನು ಮಾದರಿ ಕಳಿಸುವ ಡಬ್ಬಿಯಲ್ಲಿ ಹಾಕಿ ಮುಚ್ಚಿ ಹೆಸರು ಬರೆದೆ. ಚಾರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ: ಮೊದಲನೆಯ ಟ್ಯೂಬ್ ಮರುಬಳಕೆಯದು, ನಾಲ್ಕು ಗೀಟು, ಬಲೂನು ಸೋರಿಕೆ, ಬದಲಿಸಲಾಯಿತು.

ಸಂಜೆ ಮ್ಯಾನೇಜರ್ ನನ್ನ ಕೊಠಡಿಗೆ ಬಂದರು. ರೋಗಿ ಹೇಗಿದ್ದಾರೆಂದು ಕೇಳುತ್ತಾರೆಂದುಕೊಂಡೆ.

"ಬೀರುವಿನ ಹಿಂಜ್ ಬಿಚ್ಚಿಸಿದ್ರಂತೆ?"

"ಹೌದು."

"ನಂಗೊಂದು ಫೋನ್ ಮಾಡ್ಬಾರ್ದಿತ್ತಾ? ಮುಂದಿನ ತಿಂಗಳು ಇನ್ಸ್‌ಪೆಕ್ಷನ್ ಇದೆ. ಬಾಗಿಲು ಈಗ ಸರಿಯಾಗಿ ಕೂರ್ತಿಲ್ಲ." ಚಾರ್ಟನ್ನು ಮೇಜಿನ ಮೇಲಿಟ್ಟರು. "ಈ ಹಾಳೆ ಒಂದು ಬೇರೆ ಬರೀರಿ ಮೇಡಂ. ಕಫ ಕಟ್ಕೊಂಡಿತ್ತು, ಟ್ಯೂಬ್ ಚೇಂಜ್ ಮಾಡಿದ್ವಿ ಅಂತ. ಸುಳ್ಳೇನಲ್ವಲ್ಲ?"

ಅವರು ಹೇಳಿದ್ದು ನಿಜವೇ ಆಗಿತ್ತು. ಕಫ ಕಟ್ಟಿಕೊಂಡಿತ್ತು. ಯಾರದು ಎಂಬುದನ್ನು ಮಾತ್ರ ಬರೆಯಬಾರದು. ಆ ಮಾತಿನ ನಯಕ್ಕೆ ನನಗೆ ಮೈಯೆಲ್ಲ ಜಿಡ್ಡು ಹತ್ತಿದಂತಾಯಿತು.

"ಬರೆಯಲ್ಲ" ಎಂದೆ. "ಅದರ ಒಂದು ನಕಲು ರೋಗಿಯ ಫೈಲಿಗೂ ಹೋಗಿದೆ. ಟ್ಯೂಬ್ ನನ್ನ ಹತ್ರ ಇದೆ."

"ನಿಮ್ಮ ಸೈನೂ ಇದೆಯಲ್ಲ ಮೇಡಂ, ಇಷ್ಟು ದಿನದ ಚಾರ್ಟ್‌ಗಳಲ್ಲಿ" ಎಂದರು ಮೆಲ್ಲಗೆ. ಎದ್ದು ಹೋದರು.



ಶನಿವಾರ ಬೆಳಿಗ್ಗೆ ಆಕೆಯನ್ನು ಮನೆಗೆ ಕಳಿಸುವವರಿದ್ದರು. ಹೋದಾಗ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಹಸು ಗುರುವಾರವೇ ಹೆಣ್ಣುಗರು ಹಾಕಿತ್ತು. ಸೊಸೆ ಸ್ಟೀಲ್ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಎಲ್ಲಾ ಚೆನ್ನಾಗೈತೆ ಕಣಮ್ಮ. ಗಂಟ್ಲು ಒಂದು ಕೆರೀತದೆ."

ಸ್ಟೂಲು ಎಳೆದುಕೊಂಡು ಕೂತು ಹೇಳಿದೆ. ಟ್ಯೂಬ್ ಎರಡು ಸಲ ಹಾಕಬೇಕಾಯಿತು ಎಂದು. ಮೊದಲನೆಯದು ಹಿಂದೆ ನಾಲ್ಕು ಜನರಿಗೆ ಹಾಕಿ ತೊಳೆದಿಟ್ಟದ್ದು ಎಂದು. ಆ ನಾಲ್ವರು ಯಾರು, ಅವರಿಗೇನು ಕಾಯಿಲೆ ಇತ್ತು ಎಂದು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಈಗೊಮ್ಮೆ, ಮತ್ತೆ ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಬೇಕು ಎಂದು. ಪರೀಕ್ಷೆಗಳ ಹೆಸರು ಬರೆದ ಚೀಟಿಯನ್ನು ಸೊಸೆಗೆ ಕೊಟ್ಟೆ. ಅವಳು ಅದನ್ನು ಎರಡು ಸಲ ಓದಿ, ನನ್ನನ್ನು ನೋಡದೆ ಮಡಚಿ ಬ್ಲೌಸಿಗೆ ಸಿಕ್ಕಿಸಿಕೊಂಡಳು.

ಅತ್ತೆ ಗಂಟಲನ್ನು ಬೆರಳಿಂದ ಸವರಿಕೊಂಡರು.

"ನೀನು ಮೂಸಿ ನೋಡ್ಲಿಲ್ವಾ?"

"ಇಲ್ಲ" ಎಂದೆ.

ಹೊರಗೆ ಹೆದ್ದಾರಿಯ ಲಾರಿಗಳ ಸದ್ದು. ಸೊಸೆ ಬಟ್ಟೆ ಜೋಡಿಸಲು ಎದ್ದಳು. ಡಬ್ಬಿಯನ್ನು ಚೀಲದೊಳಗೆ ಹಾಕಲು ಹೋದಾಗ ಅತ್ತೆ ಕೈ ಚಾಚಿ ಅದನ್ನು ತೆಗೆದುಕೊಂಡು ನನ್ನ ಕಡೆ ನೀಡಿದರು.

"ಗಿಣ್ಣು. ಕೊಡ್ತೀನಂದಿದ್ದೆ. ಡಬ್ಬಿ ಈಗ್ಲೇ ತೊಳ್ದು ಕೊಟ್ಬಿಡು, ನಾವು ಹೊರಡ್ಬೇಕು." ಸ್ವಲ್ಪ ತಡೆದು, "ಚೆಂದಾಗಿ ತೊಳಿ" ಎಂದರು.

ಗಿಣ್ಣನ್ನು ಒಂದು ಬಟ್ಟಲಿಗೆ ಹಾಕಿಟ್ಟೆ, ತಿನ್ನಲಾಗಲಿಲ್ಲ. ಥಿಯೇಟರಿನ ಪಕ್ಕದ ಸಿಂಕಿನಲ್ಲಿ, ಟ್ಯೂಬು ತೊಳೆಯುವ ಅದೇ ಸಿಂಕಿನಲ್ಲಿ ತೊಳೆಯಲು ಮನಸ್ಸಾಗದೆ, ಕ್ಯಾಂಟೀನಿಗೆ ಹೋಗಿ ಬಿಸಿನೀರು ಕೇಳಿದೆ. ಡಬ್ಬಿಯನ್ನು ಎರಡು ಸಲ ತೊಳೆದೆ. ಮುಚ್ಚಳದ ಅಂಚಿಗೆ ಉಗುರು ಹಾಕಿ ಉಜ್ಜಿದೆ. ಮೂಗಿನ ಹತ್ತಿರ ತಂದೆ. ಏಲಕ್ಕಿಯ ವಾಸನೆ ಇನ್ನೂ ಇತ್ತು.

ಮತ್ತೊಂದು ಸಲ ಬಿಸಿನೀರು ಕೇಳಿದೆ.